ಕನ್ನಡಕವಿಲ್ಲದೆ ಪೋಣಿಸಿದ ದಾರ

ಅಕ್ಕಾ,

ಕಳೆದ ತಿಂಗಳು ಅಂಗಡಿಯಲ್ಲಿ ಕನ್ನಡಕ ಹಾಕಿಕೊಳ್ಳುವುದನ್ನು ಮರೆತೇ ಸೂಜಿಗೆ ದಾರ ಪೋಣಿಸಿಬಿಟ್ಟೆ. ಕಪ್ಪು ಬಟ್ಟೆಯ ಮೇಲಿನ ಕಪ್ಪು ಹೊಲಿಗೆಯೂ ಒಂದೊಂದಾಗಿ ಕಂಡಿತು. ತಲೆಯೆತ್ತಿದರೆ ಮಾತ್ರ ಎದುರಂಗಡಿಯ ಬೋರ್ಡು ಕಲಸಿಹೋಗಿತ್ತು.

ನಿನಗೂ ಹೀಗೇ ಆಗಿತ್ತಲ್ಲ! "ನೋಡ್ರೇ, ನನ್ನ ವಯಸ್ಸು ಹಿಂದಕ್ಕೆ ಓಡ್ತಿದೆ," ಎಂದು ಕನ್ನಡಕ ತೆಗೆದಿಟ್ಟು ಹೊಲಿಯುತ್ತಿದ್ದೆ. ನಾವೆಲ್ಲ ಚಪ್ಪಾಳೆ ತಟ್ಟಿದ್ದೆವು. ನೀನು ತಂಬಿಗೆಗಟ್ಟಲೆ ನೀರು ಕುಡಿಯುತ್ತಿದ್ದುದಕ್ಕೆ ಬಿಸಿಲನ್ನು ಬೈದಿದ್ದೆವು. ಸಕ್ಕರೆ ಕಾಯಿಲೆಯೆಂದು ಗೊತ್ತಾಗುವ ಹೊತ್ತಿಗೆ ನಿನಗೆ ಪ್ರಜ್ಞೆ ಇರಲಿಲ್ಲ. ಮತ್ತೆ ಬರಲೂ ಇಲ್ಲ.

ಹಾಗಾಗಿ ನಾನು ಸೂಜಿ ಕೆಳಗಿಟ್ಟು ನೇರವಾಗಿ ಕಣ್ಣಿನ ಡಾಕ್ಟರಮ್ಮನ ಹತ್ತಿರ ಹೋದೆ. ರಕ್ತ ಪರೀಕ್ಷೆ ಮಾಡಿಸಿದರು. ಸಕ್ಕರೆ ವಿಪರೀತ ಏರಿತ್ತು.

"ಸಕ್ಕರೆ ಜಾಸ್ತಿಯಾದ್ರೆ ಕಣ್ಣೊಳಗಿನ ಮಸೂರ ಊದ್ಕೊಳ್ಳುತ್ತಮ್ಮ. ಆಗ ಕೆಲವರಿಗೆ ಹತ್ತಿರದ್ದು ಚೆನ್ನಾಗಿ ಕಾಣುತ್ತೆ, ದೂರದ್ದು ಮಂಜಾಗುತ್ತೆ. ಸಕ್ಕರೆ ಇಳಿದು ನಿಲ್ಲೋವರೆಗೆ ಹೊಸ ಕನ್ನಡಕ ಮಾಡಿಸ್ಬೇಡಿ," ಎಂದರು.

ಅಂಗಿಯ ಗುಂಡಿಯಷ್ಟಿರುವ ಒಂದು ವಸ್ತು ನನಗೆ ಗೊತ್ತೇ ಆಗದಂತೆ ಒಳಗೆ ಕೂತು ಊದುತ್ತದೆ, ಇಳಿಯುತ್ತದೆ, ಲೋಕವನ್ನೇ ಹತ್ತಿರ ದೂರ ಮಾಡುತ್ತದೆ ಎಂದರೆ ಮೈ ಜುಮ್ಮೆಂದಿತು, ಅಕ್ಕ.

ಇವತ್ತು ಮತ್ತೆ ತೋರಿಸಿಕೊಂಡು ಬಂದೆ. ಸಕ್ಕರೆ ಇಳಿದಿದೆ. ಗೋಡೆಯ ಮೇಲಿನ ಕೊನೆಯ ಸಾಲಿನ ಅಕ್ಷರಗಳನ್ನೂ ಓದಿದೆ; ಕೈಯಲ್ಲಿದ್ದ ಔಷಧಿ ಚೀಟಿ ಮಾತ್ರ ಕನ್ನಡಕವಿಲ್ಲದೆ ಕಾಣಲಿಲ್ಲ. ಡಾಕ್ಟರಮ್ಮ ಕೇಳಿದರು:

"ಕಣ್ಣು ಚುರುಕಾದಾಗ ಯಾರೂ ನಮ್ಮ ಹತ್ರ ಬರಲ್ಲ. ನಿಮಗ್ಯಾರು ಹೇಳಿದ್ರು?"

"ನಮ್ಮಕ್ಕ."

"ಜಾಣೆ ಅವರು. ಒಂದ್ಸಲ ಕರ್ಕೊಂಡು ಬನ್ನಿ, ಅವರ ಕಣ್ಣೂ ನೋಡೋಣ."

"ಹೂಂ," ಎಂದೆ.