ದಾರಿ ಬಲ್ಲವಳು

ಕಾಟನ್‌ವುಡ್ ಕಣಿವೆ, ಮೊಂಟಾನಾ
ನವೆಂಬರ್ 24, 2019

ಪ್ರೀತಿಯ ತಮ್ಮ ಓರಿನ್,

ನೀವೆಲ್ಲ ಕ್ಷೇಮವೇ? ನಿನ್ನ ಕಾಗದ ಬಂದು ಎರಡು ತಿಂಗಳಾದರೂ ಉತ್ತರ ಬರೆಯಲಿಲ್ಲ ಎಂದು ಸಿಟ್ಟಾಗಬೇಡ. ಬೇಲಿಯ ಮುಳ್ಳುತಂತಿ ಕೀಳುತ್ತಿದ್ದೆ ಮಾರಾಯ, ಕೈಯೆಲ್ಲ ಗೀರಾಗಿ ಪೆನ್ನು ಹಿಡಿಯಲು ಆಗುತ್ತಿರಲಿಲ್ಲ.

ಮೊದಲು ಸುದ್ದಿ ಕೇಳು. ಎಲ್ಕ್ ಜಿಂಕೆಗಳ ಹಿಂಡು ಬಂತು! ಹನ್ನೊಂದು ವರ್ಷದ ಮೇಲೆ, ಅಪ್ಪನ ಕಾಲದ ದಾರಿಯಲ್ಲೇ ನಮ್ಮ ಹುಲ್ಲುಗಾವಲಿಗೆ ಇಳಿದು ಬಂತು. ಮುಂದೆ ನಡೆಯುತ್ತಿದ್ದ ಆ ಮುದಿ ಹೆಣ್ಣು ಎಲ್ಕ್ ಗುಂಡೇಟಿಗೆ ಸತ್ತ ವರ್ಷದಿಂದ ಹಿಂಡು ದಿಕ್ಕೆಟ್ಟಿದ್ದೂ, ಹೊಡೆದವನು ನೀನೆಂದು ಊರೆಲ್ಲ ನಿನ್ನನ್ನು ದೂರಿದ್ದೂ ಗೊತ್ತೇ ಇದೆಯಲ್ಲ. ಆಮೇಲೆ ಪ್ರತಿ ಚಳಿಗಾಲ ಪೂರ್ತಿ ಹೊಸ ಬಡಾವಣೆಯ ಅಂಗಳಗಳಲ್ಲಿ ಗಿಡ ಮೇಯುವುದು, ನಾಯಿಗಳಿಂದ ಅಟ್ಟಿಸಿಕೊಳ್ಳುವುದು, ಕಾರಿಗೆ ಸಿಕ್ಕಿ ಸಾಯುವುದು. ಹೋದ ವರ್ಷ ಒಂದು ಮರಿ ನಮ್ಮ ತಂತಿಗೇ ಸಿಕ್ಕಿಕೊಂಡು ಸತ್ತಿತು. ಹಿಂಡನ್ನು ಹಳೆಯ ದಾರಿಗೆ ತರಲೇಬೇಕೆಂದು ಅವತ್ತೇ ಹಟ ಹಿಡಿದೆ.

ಬೇಟೆ ಶುರುವಾಗುವ ಮುನ್ನಾದಿನ ಎಲ್ಲರೂ ಕೆಫೆಯಲ್ಲಿ ಸೇರುತ್ತಾರಲ್ಲ, ಅಲ್ಲಿ ಎದ್ದು ನಿಂತು ಕೇಳಿದೆ. ಹಿಂದೆ ಬರುವವನ್ನು ಬೇಕಾದರೆ ಹೊಡೆಯಿರಿ, ಮುಂದೆ ನಡೆಯುವ ಹೆಣ್ಣನ್ನು ಮಾತ್ರ ಬಿಟ್ಟುಬಿಡಿ ಎಂದೆ. ಪಕ್ಕದ ಜಮೀನಿನ ವೆರ್ನ್ ತಟ್ಟೆಯಲ್ಲಿದ್ದ ಸೇಬಿನ ಪೈ ತಿನ್ನುತ್ತಲೇ, "ಅದಕ್ಕೂ ನಮ್ಮ ಬೇಟೆಗಾರರ ಥರ ಒಂದು ಕಿತ್ತಳೆ ಬಣ್ಣದ ಅಂಗಿ ತೊಡ್ಸಿ ಕಳ್ಸು ಲೋರ್ನಾ, ಗುರುತು ಸಿಗುತ್ತೆ" ಎಂದ. ಎಲ್ಲರೂ ನಕ್ಕರು. ನಾನು ಜಗ್ಗಲಿಲ್ಲ. ಬಡಾವಣೆಯ ಮನೆಮನೆಗೂ ಹೋಗಿ, ನಾಯಿ ಕಟ್ಟಿಹಾಕಿ ಎಂದು ಕಾಡಿದೆ.

ಮೊನ್ನೆ ಬೆಳಿಗ್ಗೆ ಗುಡ್ಡದ ಮೇಲಿನ ಗುಂಡಿನ ಸದ್ದಿಗೆ ಬೆದರಿ ಹಿಂಡು ರಸ್ತೆಯಂಚಿಗೆ ಬಂದು ನಿಂತಿತು. ಮುಂದೆ ಒಂದು ಹೆಣ್ಣು. ವೆರ್ನ್ ಅಲ್ಲೇ ಬಂದೂಕು ಏರಿಸಿ ಕೂತಿದ್ದ, ಪರವಾನಗಿಯೂ ಇತ್ತು. ನಾನು ಅವನ ಪಕ್ಕಕ್ಕೆ ಹೋಗಿ ನಿಂತೆ. ಬಹಳ ಹೊತ್ತು ನೋಡಿದವನು ಕೊನೆಗೆ ಬಂದೂಕು ಇಳಿಸಿ, "ಹೋಗ್ಲಿ ಬಿಡು, ಫ್ರೀಜರ್‌ನಲ್ಲಿ ಹೋದ ವರ್ಷದ ಮಾಂಸಾನೇ ಮುಗ್ದಿಲ್ಲ" ಎಂದು ಗೊಣಗಿದ. ಅವಳು ರಸ್ತೆ ದಾಟಿದಳು. ಹಿಂದೆಯೇ ನೂರ ನಲವತ್ತು! ಒಂದು ನಾಯಿಯೂ ಬೊಗಳಲಿಲ್ಲ. ನಾನು ಎಣಿಸುತ್ತಾ ಅಳುತ್ತಿದ್ದೆ. ಗೆದ್ದೆವು ಕಣೋ ತಮ್ಮ, ಗೆದ್ದೆವು.

ಮಕ್ಕಳಿಗೆ ನನ್ನ ಮುತ್ತು. ಎಲ್ಲರೂ ನೂರು ಕಾಲ ಚೆನ್ನಾಗಿರಿ.

ನಿನ್ನ ಅಕ್ಕ,
ಲೋರ್ನಾ

ತಾ.ಕ.: ಮರೆತು ಬಿಟ್ಟಿದ್ದಲ್ಲ, ಧೈರ್ಯ ಸಾಲದೆ ಕೊನೆಗಿಟ್ಟೆ. ಆ ಮುದಿ ಹೆಣ್ಣಿಗೆ ನಾವಿಬ್ಬರೂ ಒಟ್ಟಿಗೆ ಗುಂಡು ಹಾರಿಸಿದ್ದೆವು. ಚರ್ಮ ಸುಲಿದವಳು ನಾನು. ಒಳಗೆ ಸಿಕ್ಕಿದ್ದು ಒಂದೇ ಗುಂಡು, ಅದು ನನ್ನ ಬಂದೂಕಿನದು. ಜೇಬಿಗೆ ಹಾಕಿಕೊಂಡು ಸುಮ್ಮನಾದೆ. ಊರು ನಿನ್ನನ್ನು ಬೈದು ಬೈದು ಓಡಿಸಿದಾಗಲೂ ಸುಮ್ಮನಿದ್ದೆ. ನಿನ್ನೆ ಕೆಫೆಯಲ್ಲಿ ಎಲ್ಲರೆದುರು ಹೇಳಿಬಿಟ್ಟೆ. ವೆರ್ನ್, "ನಮಗ್ಯಾಕೆ ಹೇಳ್ತೀಯ? ಓರಿನ್‌ಗೆ ಬರಿ" ಎಂದ.

ಬರೆದಿದ್ದೇನೆ.