ಕೆಳಗಿನ ಕೋಣೆಯ ಗೋಡೆ

ಶಹಾಬಾದ್
18 ಫೆಬ್ರವರಿ 2025

ಮಗಳೇ ಶಿವರಂಜನಿ,

ಚಿಂಚೋಳಿಯಲ್ಲಿ ಎಲ್ಲರೂ ಕ್ಷೇಮವೇ? ನಿನ್ನ ಕಾಲಿನ ಬಾವು ಇಳಿಯಿತೇ? ಹುಣಸೆಕಾಯಿ ಬಿಟ್ಟೆಯೋ, ಇಲ್ಲ ಅಳಿಯಂದಿರ ಕಣ್ಣು ತಪ್ಪಿಸಿ ತಿನ್ನುತ್ತಲೇ ಇದ್ದೀಯೋ? ನಾನು ಚೆನ್ನಾಗಿದ್ದೇನೆ. ಸ್ನಾನ, ಲಿಂಗಪೂಜೆ, ಊಟ ಹೊತ್ತಿಗೆ ಸರಿಯಾಗಿ ನಡೆದಿವೆ. ನಿನ್ನಮ್ಮ ಹೋಗಿ ಹತ್ತು ತಿಂಗಳಾದರೂ ನನಗೆ ಒಮ್ಮೆಯೂ ಅಳು ಬಂದಿಲ್ಲ. ಪಕ್ಕದ ಮನೆಯ ಅಮೃತಮ್ಮ ಅದನ್ನು ಧೈರ್ಯ ಎನ್ನುತ್ತಾಳೆ. ಧೈರ್ಯವಲ್ಲ, ಏನೂ ಅನಿಸುತ್ತಿಲ್ಲ.

ಸೀಮಂತದ ಕುಬಸ ಮುಗಿಸಿ ನಿನ್ನನ್ನು ಕರೆತರುವಷ್ಟರಲ್ಲಿ ನೆಲಮಾಳಿಗೆಯನ್ನು ಬಾಣಂತಿ ಕೋಣೆ ಮಾಡಿಡಲು ಹೊರಟಿದ್ದೆ. ಮೇ ತಿಂಗಳ ಬಿಸಿಲಿಗೆ ನಮ್ಮಲ್ಲಿ ತಂಪು ಇರುವುದು ಅಲ್ಲೊಂದೇ ಕಡೆ. ಫರ್ಸಿ ಕಲ್ಲಿನ ಪಾಲಿಶ್ ಮಷೀನುಗಳ ಧೂಳೂ ಅಲ್ಲಿಗೆ ಇಳಿಯುವುದಿಲ್ಲ. ಕೆಮ್ಮು ಶುರುವಾದಾಗ ನಿನ್ನಮ್ಮನ ಮಂಚವನ್ನು ನಾನು ಕೆಳಗಿಳಿಸಿದ್ದೂ ಅದಕ್ಕೇ ತಾನೆ? ಹಿಂದಿನ ಗೋಡೆ ಒದ್ದೆಯಾಗುತ್ತದೆ ಎಂದಳು. ಮೂರು ದಿನ ಕೂತು ನಾನೇ ಸಿಮೆಂಟ್ ಮೆತ್ತಿ ಬಣ್ಣ ಬಳಿದೆ. ನಮ್ಮ ಕಡೆಯವರಿಗೆ ಸಿಮೆಂಟಿನ ಮೇಲೆ ಎಷ್ಟು ನಂಬಿಕೆ ಎಂದು ನಿನಗೆ ಗೊತ್ತಲ್ಲ! "ನೀರು ಹೊರಗಿಂದ ಬರ್ಲಿಕತ್ತಾವರಿ, ಒಳಗ ಮೆತ್ತಿದ್ರ ಏನಾಗ್ತದ?" ಎಂದಿದ್ದಳು. "ನೀ ಯಾವಾಗ ಗೌಂಡಿ ಆದಿ?" ಎಂದು ನಾನು ನಕ್ಕಿದ್ದೆ.

ನಿನ್ನೆ ಗೌಂಡಿ ಬಾಬುಮಿಯಾ ಬಂದ. ಸುತ್ತಿಗೆಯಿಂದ ಗೋಡೆಯನ್ನು ತಟ್ಟಿ ನೋಡಿದ, ಪೊಳ್ಳು ಸದ್ದು ಬಂತು. ಒಂದೇಟಿಗೆ ನನ್ನ ಪ್ಲಾಸ್ಟರ್ ಹಪ್ಪಳದಂತೆ ಕಳಚಿ ಬಿತ್ತು. "ಕಾಶೀನಾಥಣ್ಣ, ಹಿತ್ತಲದಾಗಿನ ಹಳೇ ಗಣಿ ತುಂಬ ನೀರ್ ನಿಂತಾವ. ಹೊರಗ ಪಾಯಾದ ತನಕ ತೋಡಿ, ಗೋಡಿಗಿ ಆ ಕಡಿಂದ ಡಾಂಬರ್ ಹಚ್ಚಬೇಕ್ರಿ. ಒಳಗ ಎಷ್ಟ್ ಮೆತ್ತಿದ್ರೂ ನಿಲ್ಲಂಗಿಲ್ಲ" ಎಂದ. ನಿನ್ನಮ್ಮ ಹೇಳಿದ್ದೂ ಅದನ್ನೇ. ಆಮೇಲೆ ಇಬ್ಬರೂ ಸೇರಿ ಮಂಚ ಸರಿಸಿದೆವು. ಅದರ ಹಿಂದೆ ಗೋಡೆಯ ಮೇಲೆ ಮಂಚದಷ್ಟೇ ಉದ್ದಕ್ಕೆ ಕರಿ ಬೂಷ್ಟು ಬೆಳೆದಿತ್ತು. ದಿಂಬಿನ ಕಡೆ ಇನ್ನೂ ಹೆಚ್ಚು. ಇಲ್ಲಿ ಯಾರು ಮಲಗುತ್ತಿದ್ದರು ಎಂದು ಬಾಬುಮಿಯಾ ಕೇಳಿದ. ಯಾರೂ ಇಲ್ಲ ಎಂದೆ. ಅವನಿಗೆ ಚಹಾ ಮಾಡಿಕೊಟ್ಟೆ, ನಾನೂ ಕುಡಿದೆ.

ಸೋಮವಾರದಿಂದ ಅಗೆಯುವ ಕೆಲಸ ಶುರು. ನಿನ್ನ ಅತ್ತೆ ಮಾವನವರಿಗೆ ನನ್ನ ಶರಣು ತಿಳಿಸು. ಹೊಟ್ಟೆಯಲ್ಲಿರುವ ಕೂಸಿಗೆ ಬಸವಣ್ಣನ ರಕ್ಷೆಯಿರಲಿ.

ನಿನ್ನ ಅಪ್ಪ,
ಕಾಶೀನಾಥ

ತಾ.ಕ.: ಫೋನಿನಲ್ಲಾದರೆ ನಾಲಿಗೆ ಏಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮನೆಯಲ್ಲಿ ಒದ್ದೆ ಗೋಡೆ ಇದೆಯೇ ಎಂದು ನಿನ್ನಮ್ಮನ ಕೆಮ್ಮು ನೋಡಿದ ಕಲಬುರಗಿಯ ಡಾಕ್ಟರು ಕೇಳಿದ್ದರು. ನಾನೇ ಮೆತ್ತಿದ್ದೇನಲ್ಲ ಎಂಬ ಜಂಬದಲ್ಲಿ ಇಲ್ಲ ಎಂದುಬಿಟ್ಟೆ. ಎಲ್ಲ ಧೂಳಿನಿಂದ ಎಂದೆ. ನೀನು ಅಲ್ಲೇ ಇದ್ದೆ, ನನ್ನ ಮುಖ ನೋಡಿ ಸುಮ್ಮನಾದೆ. ಕುಬಸಕ್ಕೆ ಹಸಿರು ಸೀರೆ ತೆಗೆದುಕೊಂಡು ಬರುತ್ತೇನೆ, ಆದರೆ ನಿನ್ನನ್ನು ಕರೆದುಕೊಂಡು ಬರುವುದಿಲ್ಲ. ಬಾಣಂತನ ಚಿಂಚೋಳಿಯಲ್ಲೇ ಆಗಲಿ. ತವರಿಗೆ ಯಾಕೆ ಹೋಗುತ್ತಿಲ್ಲ ಎಂದು ಯಾರಾದರೂ ಕೇಳಿದರೆ ಧೂಳು ಎನ್ನಬೇಡ ಮಗಳೇ. ಅಪ್ಪ ಮೆತ್ತಿದ ಗೋಡೆ ಎಂದೇ ಹೇಳು.