ನಲವತ್ತೆಂಟು ಮರಗಳ ನಂಬರು

ಆರ್.ಎಸ್. ಪುರಂ, ಕೊಯಮತ್ತೂರು
೯ ಸೆಪ್ಟೆಂಬರ್ ೨೦೨೫, ಮಂಗಳವಾರ

ಪ್ರೀತಿಯ ಶುಭಾ,

ಹೇಗಿದ್ದೀಯೆ? ಹೈದರಾಬಾದಿನ ನೀರಿಗೆ ಕೂದಲು ಉದುರುವುದು ನಿಂತಿತೇ? ಬೆನ್ನುನೋವಿಗೆ ಕಳಿಸಿದ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಬಾಟಲಿಯನ್ನೇ ಪೂಜೆಗೆ ಇಟ್ಟಿದ್ದೀಯೋ? ಅಪ್ಪನ ಸಕ್ಕರೆ ಹತೋಟಿಯಲ್ಲಿದೆ. ನನಗೂ ಕಾಯಿಲೆ ಏನಿಲ್ಲ. ಆದರೆ ಎರಡು ದಿನದಿಂದ ನಿನಗೊಂದು ಮಾತು ಹೇಳಬೇಕೆಂದು ಒದ್ದಾಡುತ್ತಿದ್ದೇನೆ. ಫೋನ್ ಮಾಡಿದರೆ ನೀನು ಸ್ಪೀಕರಿಗೆ ಹಾಕಿಕೊಂಡು ಲ್ಯಾಬೆಲ್ಲ ಓಡಾಡುತ್ತೀಯ. ಅದಕ್ಕೇ ಈ ಕಾಗದ. ಕನ್ನಡದಲ್ಲಿ ಬರೆದರೆ ಅಲ್ಲಿ ಯಾರಿಗೂ ಓದಲು ಬರುವುದಿಲ್ಲ ಎಂಬ ಧೈರ್ಯ.

ಅಪ್ಪನ ದಿನಚರಿ ನಿನಗೆ ಗೊತ್ತಲ್ಲ. ಸಂಧ್ಯಾವಂದನೆ ಮುಗಿಸಿ, ಕಾಫಿ ಕುಡಿದು, ನಿನ್ನ ತೆಂಗಿನ ಪ್ರಬಂಧವನ್ನು ಲೋಕದಲ್ಲಿ ಎಷ್ಟು ಜನ ತಮ್ಮ ಪ್ರಬಂಧಗಳಲ್ಲಿ ಉಲ್ಲೇಖಿಸಿದ್ದಾರೆ ಎಂದು ಕಂಪ್ಯೂಟರಿನಲ್ಲಿ ನೋಡುತ್ತಾರೆ. ಆ ಉಲ್ಲೇಖಗಳ ಲೆಕ್ಕದಲ್ಲಿ ನಿನ್ನ ಎಚ್-ಇಂಡೆಕ್ಸ್ ಏರಿತು ಎಂದು ಅವರು ಮೊದಲ ಸಲ ಕೂಗಿದಾಗ ನಾನು ಅದೇನೋ ರಕ್ತಪರೀಕ್ಷೆಯದ್ದೆಂದು ಹೆದರಿ ತುಪ್ಪದ ದೀಪ ಹಚ್ಚಿದ್ದೆ, ನಗಬೇಡ. ಈ ಸೈಟೇಷನ್ ಬಲದಿಂದಲೇ ಇಪ್ಪತ್ತೆರಡನೇ ತಾರೀಕಿನ ಇಂಟರ್‌ವ್ಯೂನಲ್ಲಿ ನೀನು ನಿಮ್ಮ ಸಂಸ್ಥೆಯ ನಿರ್ದೇಶಕಿಯಾಗುವುದು ಖಂಡಿತ ಎಂದು ಮಠದಲ್ಲೆಲ್ಲ ಹೇಳಿಕೊಂಡು ಬಂದಿದ್ದಾರೆ. ಇವತ್ತು ಬೆಳಿಗ್ಗೆ ಅವರು ನಾನೂರ ಹನ್ನೆರಡು ಜನ ಎಂದಾಗ ನಾನು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದು ಈ ಕಾಗದಕ್ಕೆ ಕೂತೆ.

ಭಾನುವಾರ ಅಪ್ಪನನ್ನು ಮನೆಯಲ್ಲಿ ಬಿಟ್ಟು ನಾನೊಬ್ಬಳೇ ಪೊಳ್ಳಾಚಿಯ ನಮ್ಮ ತೆಂಗಿನ ತೋಟಕ್ಕೆ ಹೋಗಿದ್ದೆ. ಸೂಲೂರಿನ ನಂದಕುಮಾರ್ ಎಂಬ, ನಮ್ಮ ಹಾಗೆಯೇ ಮನೆಯಲ್ಲಿ ಕನ್ನಡ ಮಾತಾಡುವ ಸಂಶೋಧನಾ ವಿದ್ಯಾರ್ಥಿ ಬರುತ್ತೇನೆಂದು ಹೇಳಿದ್ದರು. ಬೇರು ಸೊರಗು ರೋಗವನ್ನು ತಡೆಯುವ ತೆಂಗನ್ನು ಎಲೆಯ ಡಿಎನ್‌ಎಯಿಂದಲೇ ಗುರುತಿಸಬಹುದು ಎಂದು ನೀನು ಬರೆದಿದ್ದೀಯಲ್ಲ, ಅದು ಅವರಿಗೆ ಬೇರೆ ತೋಟಗಳಲ್ಲಿ ಹೊಂದುತ್ತಿಲ್ಲವಂತೆ. ನಿನ್ನ ಮೂಲ ಮರಗಳನ್ನೇ ಮತ್ತೊಮ್ಮೆ ಪರೀಕ್ಷಿಸಬೇಕಂತೆ. ಮರಗಳಿಗೆ ಕಟ್ಟಿದ್ದ ನಂಬರಿನ ಬಿಲ್ಲೆಗಳು ಎಂದೋ ಉದುರಿಹೋಗಿವೆ. ಪ್ರಬಂಧದ ಕೊನೆಯಲ್ಲಿ ನೀನು ನನ್ನ ಹೆಸರು ಬರೆದು ಧನ್ಯವಾದ ಹೇಳಿದ್ದೀಯಂತೆ, ಅದನ್ನು ನೋಡಿಯೇ ನನ್ನನ್ನು ಹುಡುಕಿದ್ದು. ನಿನ್ನ ನಕ್ಷೆಯನ್ನು ಪಂಪ್‌ಸೆಟ್ಟಿನ ಕಟ್ಟೆಯ ಮೇಲೆ ಹರವಿ, "ಅಮ್ಮಾ, ಬಿಲ್ಲೆ ನೀವು ಹಿಂಗೇ ತಾನೆ ಕಟ್ಟಿದ್ದು?" ಎಂದು ಕೇಳಿದರು. ಆ ನಕ್ಷೆಯನ್ನು ನಾನು ನೋಡಿದ್ದು ಅದೇ ಮೊದಲು.

ಹನ್ನೆರಡು ವರ್ಷದ ಹಿಂದೆ ನೀನು ನಲವತ್ತೆಂಟು ಬಿಲ್ಲೆಗಳ ಚೀಲವನ್ನು ನನ್ನ ಕೈಗೆ ಕೊಟ್ಟು, ಈಶಾನ್ಯ ಮೂಲೆಯಿಂದ ಶುರುಮಾಡಿ ಒಂದೊಂದೇ ಕಟ್ಟುತ್ತಾ ಹೋಗಮ್ಮ ಎಂದು ಹೇಳಿ ಬಸ್ಸಿಗೆ ಓಡಿದೆ. ಈಶಾನ್ಯದಿಂದ ಶುರು ಎಂದಮೇಲೆ ನಾನು ಇನ್ನು ಹೇಗೆ ನಡೆದೇನು? ಪ್ರದಕ್ಷಿಣೆಯಾಗಿಯೇ ನಡೆದೆ. ತೋಟದ ಅಂಚು ಹಿಡಿದು ಒಂದು ಸುತ್ತು, ಅದರೊಳಗೆ ಇನ್ನೊಂದು ಸುತ್ತು, ಹೀಗೆ ನಡುವಿನ ಮರದವರೆಗೆ. ನಿನ್ನ ನಕ್ಷೆಯಲ್ಲಿ ನಂಬರುಗಳು ಸಾಲುಸಾಲಾಗಿವೆ. ಮೊದಲ ಎಂಟು ಮರ ಎರಡರಲ್ಲೂ ಒಂದೇ, ಅದಕ್ಕೇ ಯಾರಿಗೂ ತಿಳಿಯಲಿಲ್ಲವೋ ಏನೋ. ನಕ್ಷೆಯಲ್ಲಿ ಒಂಬತ್ತು ಇರುವುದು ಒಂದರ ಪಕ್ಕದಲ್ಲಿ; ನಾನು ಕಟ್ಟಿದ್ದು ಎಂಟರ ಪಕ್ಕದಲ್ಲಿ, ಬಾವಿಯ ಕಡೆ. ಅಲ್ಲಿಂದ ಮುಂದೆ ಎಲ್ಲ ಅದಲುಬದಲು. ತೋಟದ ಮುತ್ತುಸಾಮಿ ಎಲೆ ಕೊಯ್ದದ್ದು ಬಿಲ್ಲೆ ನೋಡಿ. ಯಾವ ಮರಕ್ಕೆ ರೋಗ ಬಂದಿದೆ ಎಂದು ಅಪ್ಪ ತಿಂಗಳು ತಿಂಗಳೂ ಬರೆದದ್ದು ನಕ್ಷೆ ಹಿಡಿದು ಸಾಲು ಎಣಿಸಿ; ಬಿಲ್ಲೆ ಓದಲು ಅವರ ಕಣ್ಣಿಗೆ ಆಗುತ್ತಿರಲಿಲ್ಲ. ಎಲೆ ಒಂದು ಮರದ್ದು, ರೋಗ ಇನ್ನೊಂದು ಮರದ್ದು ಆಗಿಹೋಗಿದೆ.

ನನಗೆ ಭಯವಾಗುತ್ತಿದೆ ಕಣೇ. ಅಷ್ಟೊಂದು ಜನ ನಿನ್ನನ್ನು ನಂಬಿ ಬರೆದಿದ್ದಾರೆ. ಪಕ್ಕದ ತೋಟದ ಶಣ್ಮುಗಂ ನಿನ್ನ ಪರೀಕ್ಷೆಯಲ್ಲಿ ಪಾಸಾದ ಸಸಿ ಎಂದು ಇನ್ನೂರು ನೆಟ್ಟಿದ್ದಾರೆ. ಭಾನುವಾರ ವಾಪಸು ಬರುವಾಗ ಅವರು ದೂರದಿಂದ ಕೈಮುಗಿದರೆ ನಾನು ಕಾಣದವಳ ಹಾಗೆ ಬಸ್ಸು ಹತ್ತಿಬಿಟ್ಟೆ. ನಿನ್ನನ್ನು ಮೋಸಗಾತಿ ಎಂದುಬಿಟ್ಟರೆ? ನೀನು ವರ್ಷಗಟ್ಟಲೆ ಊಟ ನಿದ್ದೆ ಬಿಟ್ಟು ಮಾಡಿದ ಕೆಲಸ. ಬಿಲ್ಲೆ ಕಟ್ಟಿದ ಈ ಕೈಗೆ ಬರೆ ಹಾಕಬೇಕು. ಅಪ್ಪನಿಗೆ ಇನ್ನೂ ಹೇಳಿಲ್ಲ. ಹೇಳಿದರೆ ನಾಳೆಯಿಂದ ಅವರು ಆ ಕಂಪ್ಯೂಟರಿನ ಮುಂದೆ ಹೇಗೆ ಕೂರುತ್ತಾರೆ?

ಹೊತ್ತಿಗೆ ಸರಿಯಾಗಿ ಉಣ್ಣು. ರಾಯರು ನಿನ್ನ ಕೈ ಬಿಡದಿರಲಿ ಎಂದು ಎರಡು ದಿನದಿಂದ ಅದೊಂದನ್ನೇ ಬೇಡುತ್ತಿದ್ದೇನೆ. ಅಪ್ಪನ ಆಶೀರ್ವಾದವನ್ನೂ ಸೇರಿಸಿಕೋ.

ನಿನ್ನ ಅಮ್ಮ,
ಕಮಲಾಕ್ಷಮ್ಮ

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ನಂದಕುಮಾರ್ ಕೇಳಿದಾಗ ನಾನು ಹೌದಪ್ಪ, ಹೀಗೇ ಕಟ್ಟಿದ್ದು ಎಂದುಬಿಟ್ಟೆ. ಅದನ್ನು ಬರೆದುಕೊಂಡು, ಕೆಳಗೆ ನನ್ನ ಸಹಿ ಹಾಕಿಸಿಕೊಂಡರು. ಆಮೇಲೆ, "ಅಂಗಾದರೆ ತಪ್ಪು ನನ್ನದೇ ಅಮ್ಮಾ, ಮೂರು ವರುಷ ಹೋಯ್ತು" ಎಂದು ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದರು. ಹತ್ತೊಂಬತ್ತನೇ ತಾರೀಕು, ಶುಕ್ರವಾರ, ಎಲೆ ಕೊಯ್ಯಲು ಮತ್ತೆ ಬರುತ್ತಾರೆ. ಅವತ್ತು ನಿಜ ಹೇಳಿ, ನಾನು ನಡೆದ ಹಾಗೆಯೇ ನಡೆದು ತೋರಿಸುತ್ತೇನೆ. ಅದಕ್ಕೆ ಮುಂಚೆ ನೀನೇ ಅವರಿಗೆ ಫೋನ್ ಮಾಡಿ ಹೇಳು. ಅವರ ನಂಬರನ್ನು ಕಾಗದದ ಹಿಂದೆ ಬರೆದಿದ್ದೇನೆ. ಬೇಡಮ್ಮ, ಸುಮ್ಮನಿರು ಎಂದು ಹೇಳಲು ಮಾತ್ರ ನನಗೆ ಫೋನ್ ಮಾಡಬೇಡ. ನೀನು ಹೇಳಿದರೆ ನಾನು ಕೇಳಿಬಿಡುತ್ತೇನೆ.